ಕಂಡಕ್ಟರ್ ಅತ್ತೆ ಹಿಡಿದ ಸೀಟು

ನಡುವೆ ಹತ್ತು ಗಂಟೆ ಕಾಯಬೇಕಾದ ವಿಮಾನದ ಟಿಕೆಟ್ಟನ್ನು ಯಾರಾದರೂ ಕೇಳಿ ಪಡೆಯುತ್ತಾರೆಯೇ? ನನ್ನ ಅತ್ತೆ ಪಡೆದರು. ಎರಡೇ ಗಂಟೆ ಕಾಯುವ ಟಿಕೆಟ್ಟು ಸಿಗುತ್ತಿದ್ದಾಗ ಅದನ್ನು ಬೇಡವೆಂದು, "ಇದಕ್ಕಿಂತ ತಡವಾಗೋದು ಯಾವುದೂ ಇಲ್ವೇನಪ್ಪಾ?" ಎಂದು ಟ್ರಾವೆಲ್ ಏಜೆಂಟನನ್ನೇ ತಬ್ಬಿಬ್ಬು ಮಾಡಿದರು. ಜೊತೆಗೆ ಹೋಗಬೇಕಾದವಳು ನಾನು. ಮೈಯೆಲ್ಲ ಉರಿದುಹೋಯಿತು.

ಕಾರಣ ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡೆ. ನಾವು ಹೊರಟಿದ್ದು ನಾದಿನಿಯ ಮನೆಗೆ. ಅದೇ ದಿನ ಅತ್ತೆಯ ತಂಗಿ, ಪರದೇಶದಲ್ಲಿ ನರ್ಸ್ ಆಗಿರುವ ಚಿಕ್ಕತ್ತೆ, ಹೊಸ ಆಸ್ಪತ್ರೆಗೆ ಸೇರಲು ಹೊರಟಿದ್ದರು. ಅವರೂ ವಿಮಾನ ಬದಲಿಸುವುದು ಅದೇ ನಿಲ್ದಾಣದಲ್ಲಿ. ಅವರ ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅತ್ತೆ. ಈಗ ಮುಖ ನೋಡಿ ಏಳು ವರ್ಷವಾಗಿತ್ತು. ಒಬ್ಬರಿಗೆ ರಜೆ ಸಿಕ್ಕರೆ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಈ ಸಲ ನಾಲ್ಕು ಗಂಟೆ ಒಟ್ಟಿಗೆ ಕಳೆಯಬಹುದೆಂದು ಅತ್ತೆಯ ಲೆಕ್ಕ.

ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಜೀವಮಾನವೆಲ್ಲ ನಿಂತೇ ದುಡಿದು, ಕೂತರೆ ಕಾಲು ನೋಯುತ್ತದೆ ಎನ್ನುವ ಪೈಕಿ. ವಿಮಾನದಿಂದ ಇಳಿದ ಗಳಿಗೆಯಿಂದ ಕಾಲಿಗೆ ಚಕ್ರ ಕಟ್ಟಿಕೊಂಡರು. ತಾನಾಗಿ ಸಾಗುವ ನೆಲದ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಗೆ ಹೋದರು, ಬಂದರು, ಮತ್ತೆ ಹೋದರು. ಸೆಂಟಿನ ಅಂಗಡಿಯಲ್ಲಿ ಎರಡು ಕೈಗೂ ಬೇರೆ ಬೇರೆ ಪರಿಮಳ ಹಾಕಿಸಿಕೊಂಡು, "ಅವಳಿಗೆ ಯಾವುದು ಹಿಡಿಸತ್ತೆ ಹೇಳು" ಎಂದು ನನ್ನ ಮೂಗಿಗೆ ಹಿಡಿದರು. ಒಂದು ಗೇಟಿನ ಮುಂದೆ ಜನ ದಾರಿಗಡ್ಡ ನಿಂತಿದ್ದನ್ನು ಕಂಡು ತಡೆಯಲಾರದೆ, "ಮುಂದೆ ಹೋಗಿ, ಮುಂದೆ ಜಾಗ ಇದೆ!" ಎಂದು ಕೂಗಿದರು. ಭಾಷೆ ಬಾರದವರೂ ಮುಂದೆ ಹೋದರು.

ಆಮೇಲೆ, ಚಿಕ್ಕತ್ತೆ ಹತ್ತಬೇಕಾದ ಗೇಟಿನ ಎದುರಿಗೇ ಒಂದು ಉದ್ದನೆಯ ಸೋಫಾ ಕಣ್ಣಿಗೆ ಬಿತ್ತು. ಅತ್ತೆ ಓಡಿಹೋಗಿ ಅದರ ಮೇಲೆ ಶಾಲು ಹಾಸಿದರು. ನನಗೆ ನಗು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿದವರನ್ನು "ಬಸ್ಸೇನು ನಿಮ್ಮ ತಾತಂದಾ?" ಎಂದು ಎಬ್ಬಿಸುತ್ತಿದ್ದವರು ಇವರೇ.

"ನೀವೇ ಹೀಗೆ ಮಾಡಿದ್ರೆ ಹೇಗೆ ಅತ್ತೆ?"

"ಆ ಬಸ್ಸಿಗೆ ನನ್ನ ತಂಗಿ ಹತ್ತುತ್ತಾ ಇರಲಿಲ್ಲ. ಸುಮ್ನಿರೇ."

ಅಷ್ಟರಲ್ಲಿ ಚಿಕ್ಕತ್ತೆ ಬರಬೇಕಾದ ವಿಮಾನ ತಡ ಎಂದು ಫಲಕದಲ್ಲಿ ಮೂಡಿತು. ಮೊದಲು ಒಂದು ಗಂಟೆ. ಆಮೇಲೆ ಎರಡು. ಆಮೇಲೆ ಮೂರು. "ಬಸ್ಸಾಗಿದ್ರೆ ಡ್ರೈವರನ್ನಾದ್ರೂ ಬೈಬಹುದಿತ್ತು" ಎಂದು ಅತ್ತೆ ಫಲಕದ ಮೇಲೇ ರೇಗಿದರು. ಒಂದು ಸಂಸಾರ ಶಾಲಿನ ಕಡೆ ಕಣ್ಣು ಹಾಕಿತು. ಅತ್ತೆ ನೋಡಿದ ನೋಟಕ್ಕೆ, ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋಯಿತು.

ಕೊನೆಗೆ ವಿಮಾನ ಇಳಿಯಿತು. ಚಿಕ್ಕತ್ತೆಯ ಮುಂದಿನ ವಿಮಾನಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ಅತ್ತೆ ತುದಿಗಾಲಲ್ಲಿ ನಿಂತರು.

"ಬಂದ್ಲು! ನೋಡೇ, ಬಂದೇಬಿಟ್ಲು! ಆ ಓಟ ನೋಡು, ಸ್ಕೂಲಿಗೆ ತಡವಾದಾಗ್ಲೂ ಹೀಗೇ ಓಡ್ತಿದ್ಲು!"

ಕೂದಲು ಕೆದರಿಕೊಂಡು, ಗಾಲಿಯ ಚೀಲ ಎಳೆದುಕೊಂಡು ಓಡಿಬಂದ ಚಿಕ್ಕತ್ತೆ ಅಕ್ಕನನ್ನು ತಬ್ಬಿಕೊಂಡರು. "ದಪ್ಪ ಆಗಿದ್ದೀಯಲ್ಲೇ ಅಕ್ಕಾ!" "ನೀನ್ಯಾಕೆ ಕಡ್ಡಿ ಆಗಿದ್ದೀಯ?" ಇಬ್ಬರೂ ಒಟ್ಟೊಟ್ಟಿಗೆ ಮಾತಾಡಿದರು, ಒಟ್ಟೊಟ್ಟಿಗೆ ಅತ್ತರು, ನಕ್ಕರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಿತೋ ಇಲ್ಲವೋ ದೇವರೇ ಬಲ್ಲ.

ಚಿಕ್ಕತ್ತೆ ಹಳೆಯ ಆಸ್ಪತ್ರೆಯಲ್ಲಿ ಕೊನೆಯ ರಾತ್ರಿ ಪಾಳಿ ಮುಗಿಸಿ ನೇರವಾಗಿ ವಿಮಾನ ಹತ್ತಿದ್ದರಂತೆ. "ಐದು ನಿಮಿಷ ಕಾಲು ಚಾಚ್ತೀನಿ ಅಕ್ಕಾ, ಆಮೇಲೆ ಎಲ್ಲಾ ಹೇಳ್ತೀನಿ" ಎಂದು ಶಾಲು ಹಾಸಿದ್ದ ಸೋಫಾದಲ್ಲಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟರು. ಮುಂದಿನ ಮಾತು ಬರಲೇ ಇಲ್ಲ. ಗಾಢ ನಿದ್ದೆ.

ಐದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ನನಗೋ ಚಡಪಡಿಕೆ. ಏಳು ವರ್ಷ ಕಾದು, ಹತ್ತು ಗಂಟೆಯ ಟಿಕೆಟ್ಟು ತೆಗೆದುಕೊಂಡು, ಇದಕ್ಕೇನಾ ಇಷ್ಟೆಲ್ಲ? "ಎಬ್ಬಿಸಿ ಅತ್ತೆ" ಎಂದೆ. ಅವರು ತುಟಿಗೆ ಬೆರಳಿಟ್ಟರು. ಬಸ್ಸೆಲ್ಲ ಅದುರುವಂತೆ ಕೂಗುತ್ತಿದ್ದ ಹೆಂಗಸು ಮಿಸುಕಾಡದೆ ಕೂತು, ತಂಗಿಯ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸುತ್ತಿದ್ದರು. ಮುಖದ ಮೇಲೆ ಸಂತೋಷ ಉಕ್ಕುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ನನಗೆ ಅಕ್ಕ ಇಲ್ಲ.

ಎಬ್ಬಿಸಿದ್ದು ಕೊನೆಯ ಕರೆ ಬಂದಾಗಲೇ. ಚಿಕ್ಕತ್ತೆ ದಡಬಡಿಸಿ ಎದ್ದು ಗಡಿಯಾರ ನೋಡಿದರು. ಅಳುವುದೊಂದು ಬಾಕಿ. "ಅಯ್ಯೋ, ಯಾಕಕ್ಕಾ ಎಬ್ಬಿಸಲಿಲ್ಲ? ಒಂದು ಮಾತೂ ಸರಿಯಾಗಿ ಆಡ್ಲಿಲ್ವಲ್ಲ!"

"ಮಾತು ಫೋನಲ್ಲೂ ಆಡಬಹುದು ಕಣೇ." ಅತ್ತೆ ಚೀಲವನ್ನು ತಂಗಿಯ ಕೈಗಿಟ್ಟು ಗೇಟಿನ ಕಡೆ ನೂಕಿದರು. "ಫೋನಿಗೆ ತೊಡೆ ಎಲ್ಲಿದೆ?"