ತಲುಪದ ಕೋರಿಕೆಗಳು

ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿಗಳು ತೆರೆದುಕೊಳ್ಳುತ್ತಿದ್ದಂತೆ ಜಗಳವೂ ತೆರೆದುಕೊಳ್ಳುತ್ತದೆ. ಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಏಳೆಂಟು ಜನ ಕೂತು ವೆಬ್‌ಸೈಟು ಕಟ್ಟಿಕೊಡುವ ಪುಟ್ಟ ಕಂಪನಿ ನಮ್ಮದು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಾದದಷ್ಟೇ ಕೊನೆಯಿಲ್ಲದ್ದು ನಮ್ಮ ವಾದ: ಯಾವ ಬ್ರೌಸರ್ ಒಳ್ಳೆಯದು, ಯಾವ ಎಡಿಟರ್‌ನಲ್ಲಿ ಕೋಡ್ ಬರೆದರೆ ಕೈಗೆ ಹಿತ, ಜಾವಾಸ್ಕ್ರಿಪ್ಟ್ ಮೇಲೋ ಪೈಥಾನ್ ಮೇಲೋ, ಪರದೆಯ ಹಿನ್ನೆಲೆ ಕಪ್ಪಗಿರಬೇಕೋ ಬೆಳ್ಳಗಿರಬೇಕೋ. ನಗಬೇಡಿ. ಇನ್ನೊಬ್ಬರ ಮನೆಯ ಡಿಕಾಕ್ಷನ್ ಹದವನ್ನು ಸುಲಭಕ್ಕೆ ಒಪ್ಪದ ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನನಗೆ ಈ ಹಟಗಳು ತೀರ ಸಹಜವಾಗಿಯೇ ಕಾಣುತ್ತಿದ್ದವು. ದಿನವಿಡೀ ಕೈಯಲ್ಲಿ ಹಿಡಿದ ಸಲಕರಣೆಯ ಮೇಲೆ ಮನುಷ್ಯನಿಗೆ ಮಮತೆ ಹುಟ್ಟುತ್ತದೆ. ಮಮತೆ ಹೆಚ್ಚಾದಾಗ ಅದು ಮೆಲ್ಲಗೆ ಅಹಂಕಾರವಾಗುತ್ತದೆ. ಈ ಎರಡನೆಯ ಮಾತು ನನಗೆ ತಿಳಿದದ್ದು ಬಹಳ ತಡವಾಗಿ.

ಆ ಜಗಳಗಳಲ್ಲಿ ನಾನು ಯಾವತ್ತೂ ಹೊಸತರ ಪಕ್ಷ. ಹೊಸ ಸಲಕರಣೆ ಬಂದ ವಾರವೇ ಅದನ್ನು ಕಲಿತು, ಮುಂದಿನ ವಾರ ಉಳಿದವರಿಗೆ ಉಪದೇಶಿಸುವವಳು. ತಂಡದ ಮುಖ್ಯಸ್ಥೆ ಬೇರೆ. ಉಪದೇಶ ಕೇಳದೆ ಅವರಿಗೆ ಗತಿಯಿರಲಿಲ್ಲ. ಯಾವ ಪಕ್ಷಕ್ಕೂ ಸೇರದೆ ಮೂಲೆಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದವರು ವಾರಿಜಾ ಒಬ್ಬರೇ.

ವಾರಿಜಾ ನನಗಿಂತ ಹತ್ತು ವರ್ಷ ದೊಡ್ಡವರು. ತ್ಯಾಗರಾಜನಗರದ ಟೈಪಿಂಗ್ ಇನ್‌ಸ್ಟಿಟ್ಯೂಟೊಂದರಲ್ಲಿ ವರ್ಷಗಟ್ಟಲೆ ಬೆರಳಚ್ಚು ಕಲಿಸಿದವರು. ಟೈಪ್‌ರೈಟರುಗಳ ಕಾಲ ಮುಗಿದು ಇನ್‌ಸ್ಟಿಟ್ಯೂಟ್ ಬಾಗಿಲು ಹಾಕಿದಾಗ ಅಳುತ್ತ ಕೂರದೆ, ತಾವಾಗಿಯೇ ಎಚ್‌ಟಿಎಂಎಲ್ ಕಲಿತು ನಮ್ಮಲ್ಲಿಗೆ ಬಂದಿದ್ದರು. ಎಚ್‌ಟಿಎಂಎಲ್ ಎಂದರೆ ವೆಬ್ ಪುಟದ ಎಲುಬು. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಒತ್ತುವ ಗುಂಡಿ ಎಂದು ಹೇಳುವುದಷ್ಟೇ ಅದರ ಕೆಲಸ. ಬಣ್ಣ, ಬೆಡಗು, ಬಳುಕುಗಳನ್ನೆಲ್ಲ ಉಳಿದ ಭಾಷೆಗಳು ನೋಡಿಕೊಳ್ಳುತ್ತವೆ. ವಾರಿಜಾಗೆ ಎಲುಬಿನ ಮೇಲೆ ಪ್ರೀತಿ, ನನಗೆ ಬಳುಕಿನ ಮೇಲೆ.

ಅವರದೊಂದು ಅಭ್ಯಾಸವಿತ್ತು. ಪುಟವೊಂದು ಸಿದ್ಧವಾದ ಮೇಲೆ ಮೌಸನ್ನು ಮಗುಚಿ ಪಕ್ಕಕ್ಕಿಟ್ಟು, ಬರೀ ಕೀಬೋರ್ಡಿನಿಂದ ಮೊದಲಿನಿಂದ ಕೊನೆಯವರೆಗೆ ಓಡಾಡುತ್ತಿದ್ದರು. ಟ್ಯಾಬ್ ಒತ್ತಿದರೆ ಮುಂದಿನ ಜಾಗ, ಎಂಟರ್ ಒತ್ತಿದರೆ ಕೆಲಸ ಮುಗಿಯಿತು. ಆಮೇಲೆ ಅದೇ ಪುಟವನ್ನು ಮೂರು ಬೇರೆ ಬೇರೆ ಬ್ರೌಸರುಗಳಲ್ಲಿ, ನಾವ್ಯಾರೂ ಮುಟ್ಟದ ಹಳೆಯದೊಂದರಲ್ಲೂ, ತೆರೆದು ನೋಡುತ್ತಿದ್ದರು. ನಿಮಗೆ ಯಾವ ಬ್ರೌಸರ್ ಇಷ್ಟ ಎಂದು ಒಮ್ಮೆ ಕೆಣಕಿದ್ದೆ. "ನಂಗ್ಯಾವ್ದು ಇಷ್ಟ ಅನ್ನೋದು ಮುಖ್ಯ ಅಲ್ಲ ಸುಮಾ ಮೇಡಂ, ನೋಡೋರ ಹತ್ರ ಯಾವ್ದಿದೆ ಅನ್ನೋದು ಮುಖ್ಯ" ಎಂದಿದ್ದರು. ಆ ಮಾತನ್ನು ಆಗ ನಾನು ಹಳೆಯ ಕಾಲದವರ ಸಂಕೋಚ ಎಂದುಕೊಂಡೆ.

ನಮ್ಮ ಕಂಪನಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದ ಒಂದೇ ಒಂದು ವೆಬ್‌ಸೈಟ್ ಸರೋಜಮ್ಮನವರದು. ನಿವೃತ್ತ ಮುಖ್ಯೋಪಾಧ್ಯಾಯಿನಿಯಾದ ಅವರು ಬನಶಂಕರಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಒಂದು ಕೆಲಸ ನಡೆಸುತ್ತಿದ್ದರು. ಕಣ್ಣು ಕಾಣದ ಪರೀಕ್ಷಾರ್ಥಿಗಳು ಹೇಳಿದ ಉತ್ತರಗಳನ್ನು ಪಕ್ಕದಲ್ಲಿ ಕೂತು ಬರೆದುಕೊಡಲು ಒಬ್ಬರು ಬೇಕಲ್ಲ, ಅಂಥ ಸ್ಕ್ರೈಬ್‌ಗಳನ್ನು ಹುಡುಕಿ ಹೊಂದಿಸಿಕೊಡುವ ಕೆಲಸ. ಪರೀಕ್ಷೆ ಬರೆಯುವವರು ವೆಬ್‌ಸೈಟಿನಲ್ಲಿ ಹೆಸರು, ದಿನಾಂಕ, ಫೋನ್ ನಂಬರ್ ತುಂಬಿ ಕೋರಿಕೆ ಕಳಿಸಿದರೆ, ಸರೋಜಮ್ಮ ಒಬ್ಬ ಸ್ವಯಂಸೇವಕರನ್ನು ಗೊತ್ತು ಮಾಡಿ ಅವರಿಂದ ಫೋನ್ ಮಾಡಿಸುತ್ತಿದ್ದರು. ಆ ಪುಟಗಳನ್ನು ಕಟ್ಟಿದವರು ವಾರಿಜಾ. ಬಿಳಿ ಹಾಳೆ, ಕಪ್ಪು ಅಕ್ಷರ, ಕೆಳಗೆ ದಪ್ಪನೆಯದಾಗಿ ಸರೋಜಮ್ಮನ ಮನೆಯ ನಂಬರು. ನನ್ನ ಕಣ್ಣಿಗೆ ಅದು ಯಾವುದೋ ಸರ್ಕಾರಿ ಅರ್ಜಿಯಂತೆ ಕಾಣುತ್ತಿತ್ತು.

ಒಂದು ದಿನ ಅದನ್ನು ಹೊಸದಾಗಿ ಕಟ್ಟುತ್ತೇನೆಂದು ಹೊರಟೆ. ಯಾರೂ ಕೇಳಿರಲಿಲ್ಲ. ಆಗತಾನೆ ಕಲಿತ ಹೊಸ ಸಲಕರಣೆಗೊಂದು ಮೈದಾನ ಬೇಕಿತ್ತು, ಅಷ್ಟೆ. ಮೂರು ವಾರ ಕೂತು ಕಟ್ಟಿದ ಪುಟ, ನಾನೇ ಹೇಳಬಾರದು, ನಿಜಕ್ಕೂ ಸುಂದರವಾಗಿತ್ತು. ತಿಂಗಳ ಹಾಳೆಯಂತೆ ಮಗುಚಿಕೊಳ್ಳುವ ಕ್ಯಾಲೆಂಡರು, ಕನಕಾಂಬರದ ಬಣ್ಣದ ದುಂಡನೆಯ ಗುಂಡಿ, ಅದರೊಳಗೊಂದು ಪುಟ್ಟ ಬಾಣ. ಅಂದ ಕೆಡುತ್ತದೆಂದು ಸರೋಜಮ್ಮನ ಫೋನ್ ನಂಬರನ್ನು ತೆಗೆದೆ. ಎಲ್ಲರನ್ನೂ ಕೂರಿಸಿ ಗೋಡೆಯ ಮೇಲೆ ತೋರಿಸಿದಾಗ ಚಪ್ಪಾಳೆ ಬಿತ್ತು. "ಸಖತ್ತಾಗಿದೆ" ಎಂದರು. ಆಗ ವಾರಿಜಾ ಮೆಲ್ಲಗೆ ಕೇಳಿದರು.

"ಮೇಡಂ, ಮೌಸ್ ಮುಟ್ಟದೆ ಒಂದ್ಸಲ ಈ ಫಾರಂ ತುಂಬಿ ತೋರಿಸ್ತೀರಾ?"

"ವಾರಿಜಾ ಅವ್ರೇ, ಟೈಪ್‌ರೈಟರ್ ಕ್ಲಾಸ್ ಮುಗಿದು ಎಷ್ಟು ವರ್ಷ ಆಯ್ತು? ಈ ಕಾಲದಲ್ಲಿ ಮೌಸ್ ಇಲ್ದೋರು ಯಾರಿದಾರೆ?" ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ವಾರಿಜಾ ಕೂಡ ತುಟಿಯಂಚಿನಲ್ಲಿ ನಕ್ಕು ಸುಮ್ಮನಾದರು. ಕಣ್ಣಿಲ್ಲದವರಿಗಾಗಿ ಇರುವ ಪುಟದ ಮುಂದೆ ನಿಂತು, ಮೌಸ್ ಇಲ್ಲದವರು ಯಾರಿದ್ದಾರೆ ಎಂದು ನಾನು ಕೇಳಿದ್ದೆ. ಆ ಕೋಣೆಯಲ್ಲಿ ವಾರಿಜಾ ಬಿಟ್ಟು ಉಳಿದ ಏಳು ಜನರ ಹದಿನಾಲ್ಕು ಕಣ್ಣುಗಳಿಗೂ ಅದು ಕಾಣಿಸಲಿಲ್ಲ. ವಾರಿಜಾಗೆ ಕಂಡಿತ್ತು. ಎರಡು ತಿಂಗಳ ನಂತರ ಅವರು, ಇನ್ನು ಸ್ವಲ್ಪ ವಿಶ್ರಾಂತಿ ಬೇಕು ಎಂದು ಎರಡು ಸಾಲಿನ ಪತ್ರ ಕೊಟ್ಟು ಕೆಲಸ ಬಿಟ್ಟರು. ಕೇಕ್ ಕತ್ತರಿಸಿ ಬೀಳ್ಕೊಟ್ಟೆವು.

ಹೊಸ ಪುಟ ನೋಡಿ, ಬರೆದುಕೊಡುತ್ತೇವೆಂದು ಹೆಸರು ಕೊಡುವವರು ಹೆಚ್ಚಾದರು. ನಾನು ಬೀಗಿದೆ. ಒಂದು ಬೆಳಿಗ್ಗೆ ಸರೋಜಮ್ಮ ಫೋನ್ ಮಾಡಿದರು. "ಅಲ್ಲಮ್ಮಾ, ಬರೆಯೋರೇನೋ ಜಾಸ್ತಿ ಆಗಿದಾರೆ, ಬರೆಸ್ಕೊಳ್ಳೋರೇ ಕಾಣ್ತಿಲ್ವಲ್ಲ?"

"ಈಗ ಪರೀಕ್ಷೆಗಳು ಕಮ್ಮಿ ಇರ್ಬೇಕು ಆಂಟಿ" ಎಂದೆ. ಮುಖ್ಯೋಪಾಧ್ಯಾಯಿನಿಯಾಗಿದ್ದವರಿಗೆ ಪರೀಕ್ಷೆಯ ಕಾಲ ಯಾವುದೆಂದು ನಾನು ಹೇಳಿಕೊಟ್ಟೆ!

ಇದಾಗಿ ಸುಮಾರು ಒಂದು ತಿಂಗಳಿಗೆ ಅವರು ಮತ್ತೆ ಕರೆದು, ಮನೆಗೆ ಬಂದು ಹೋಗು ಎಂದರು. ದನಿ ಎಂದಿನಂತಿರಲಿಲ್ಲ. ಹೋದೆ. ಮುಂದಿನ ಕೋಣೆಯಲ್ಲಿ ಮೂವತ್ತರ ಆಸುಪಾಸಿನ ಒಬ್ಬರು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಹೆಸರು ಚಂದ್ರಶೇಖರ್, ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್; ಹುಟ್ಟಿನಿಂದ ಕಣ್ಣು ಕಾಣದು. ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿದ್ದರು, ಉಳಿದದ್ದು ಕೊನೆಯ ಒಂದೇ ವಿಷಯ, ಇತಿಹಾಸ. ಪದವಿ ಬಂದರೆ ಗುಮಾಸ್ತೆಯ ಹುದ್ದೆಗೆ ಬಡ್ತಿ.

"ಮೇಡಂ, ನನ್ನ ಕಡೆಯಿಂದ ಎಲ್ಲಿ ತಪ್ಪಾಯ್ತು ಅಂತ ಸ್ವಲ್ಪ ಹೇಳ್ಕೊಡಿ" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ನನ್ನ ಪುಟ ತೆರೆದರು. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದ ದನಿ ಒಂದೊಂದನ್ನೇ ಹೇಳತೊಡಗಿತು. ಹೆಸರು. ಊರು. ಕ್ಯಾಲೆಂಡರ್ ಬಂದಾಗ ದನಿ ಏನೂ ಹೇಳದೆ ಹಾರಿಹೋಯಿತು. ಫೋನ್ ನಂಬರ್ ಎಂದಿತು. ಮತ್ತೆ ಟ್ಯಾಬ್ ಒತ್ತಿದರೆ, ಪುಟದ ಅಡಿಯಲ್ಲಿ ನಮ್ಮ ಕಂಪನಿಯ ಹೆಸರು. ನಡುವೆ ಇರಬೇಕಾಗಿದ್ದ ಆ ಕನಕಾಂಬರದ ಗುಂಡಿ ಆ ದನಿಯ ಪಾಲಿಗೆ ಇರಲೇ ಇಲ್ಲ. ನಾನದನ್ನು ಗುಂಡಿಯೆಂದು ಬರೆದಿರಲಿಲ್ಲ. ಗುಂಡಿಯಂತೆ ಕಾಣುವ ಒಂದು ಚಿತ್ರವನ್ನಾಗಿ ಬರೆದಿದ್ದೆ. ಕಾಣುವವರಿಗೆ ಮಾತ್ರ ಗುಂಡಿ. ತೋರಿಕೆಯ ಚಂದಕ್ಕೆ ಮರುಳಾಗಿ ಕೋರಿಕೆಯ ದಾರಿಯನ್ನೇ ಮುಚ್ಚಿದ್ದೆ.

"ಹಳೇದ್ರಲ್ಲಿ ಎಂಟರ್ ಒತ್ತಿದ್ರೆ, ನಿಮ್ಮ ಕೋರಿಕೆ ತಲುಪಿದೆ ಅಂತ ಹೇಳ್ತಿತ್ತು. ಇದ್ರಲ್ಲೂ ಒತ್ತಿದೆ. ಏನೂ ಹೇಳ್ಲಿಲ್ಲ. ಹೊಸದು, ಮಾತು ಕಮ್ಮಿ ಅಂದ್ಕೊಂಡು ಫೋನ್‌ಗೆ ಕಾಯ್ತಾ ಇದ್ದೆ."

"ಇಲ್ಲಿಗೆ ಒಂದು ಫೋನ್ ಮಾಡ್ಬಾರ್ದಿತ್ತಾ?" ಎಂದು ಬಾಯಿತಪ್ಪಿ ಕೇಳಿದೆ.

"ನಂಬರ್ ಕೆಳಗಡೆ ಇರ್ತಿತ್ತು ಮೇಡಂ, ಈ ಸಲ ಸಿಗ್ಲಿಲ್ಲ. ಹಿಂದೊಂದ್ಸಲ ಪರೀಕ್ಷೆ ಹಿಂದಿನ ದಿನ ಫೋನ್ ಬಂದಿತ್ತು. ಹಂಗೇ ಬರುತ್ತೆ ಅಂದ್ಕೊಂಡೆ."

ಬರಲಿಲ್ಲ. ಆದರೂ, ಯಾರಾದರೂ ನೇರವಾಗಿ ಪರೀಕ್ಷಾ ಕೇಂದ್ರಕ್ಕೇ ಬಂದಿರಬಹುದೆಂದು ಅವರು ಹೋದರು. ಮೇಲ್ವಿಚಾರಕರು ಪ್ರಶ್ನೆಪತ್ರಿಕೆಯನ್ನು ಒಮ್ಮೆ ಓದಿ ಹೇಳಿದರಂತೆ. ಅದಕ್ಕಿಂತ ಹೆಚ್ಚು ಮಾಡಲು ಅವರಿಗೆ ನಿಯಮವಿರಲಿಲ್ಲ. ಮೊದಲ ಅರ್ಧ ಗಂಟೆ ಹೊರಗೆ ಬಿಡುವಂತಿಲ್ಲವಾದ್ದರಿಂದ ಖಾಲಿ ಉತ್ತರಪತ್ರಿಕೆಯ ಮುಂದೆ ಕೂತಿದ್ದರು. "ಸುತ್ತಲೂ ಎಲ್ರೂ ಬರೀತಿರೋ ಸದ್ದು ಕೇಳ್ತಿತ್ತು ಮೇಡಂ. ನಂಗೆ ಎಲ್ಲಾ ಉತ್ತರ ಬರ್ತಿತ್ತು" ಎಂದರು. ಸರೋಜಮ್ಮ ಎದ್ದು ಒಳಗೆ ಹೋದರು. ನಾನು ಎಲ್ಲಿಗೆ ಹೋಗಲಿ?

"ತಪ್ಪು ನಿಮ್ಮದಲ್ಲ ಚಂದ್ರಶೇಖರ್. ನನ್ನದು" ಎಂದೆ. ಆ ಮಧ್ಯಾಹ್ನವೇ ಅಲ್ಲಿಯೇ ಕೂತು ಸರಿಪಡಿಸಿದೆ. ಚಿತ್ರವನ್ನು ತೆಗೆದು ನಿಜವಾದ ಗುಂಡಿ, ಕ್ಯಾಲೆಂಡರಿನ ಬದಲು ದಿನಾಂಕ ಬೆರಳಚ್ಚಿಸುವ ಜಾಗ, ಕೆಳಗೆ ಸರೋಜಮ್ಮನ ನಂಬರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಎಷ್ಟೋ ದಿನಗಳ ಕೆಲಸವಾಗಿದ್ದರೆ ಕ್ಷಮೆಗೊಂದು ನೆಪವಾದರೂ ಸಿಗುತ್ತಿತ್ತು.

ಹೊರಡುವಾಗ, ಮುಂದಿನ ಪರೀಕ್ಷೆಗೆ ನಾನೇ ಬಂದು ಬರೆದುಕೊಡುತ್ತೇನೆ ಎಂದೆ. ಚಂದ್ರಶೇಖರ್ ಸಣ್ಣಗೆ ನಕ್ಕರು. "ಒಪ್ಪಲ್ಲ ಮೇಡಂ. ಬರೆಯೋರು ನಮಗಿಂತ ಕಮ್ಮಿ ಓದಿರ್ಬೇಕು, ನಮ್ಮಲ್ಲಿ ಹಂಗೇ ರೂಲ್ಸು. ನೀವು ಜಾಸ್ತಿ ಓದ್ಬಿಟ್ಟಿದೀರಿ."

ಆ ಭಾನುವಾರ ತ್ಯಾಗರಾಜನಗರಕ್ಕೆ, ವಾರಿಜಾರ ಮನೆಗೆ ಹೋದೆ. ಅವರು ಬಾಳೆಕಾಯಿ ಹೆಚ್ಚುತ್ತಿದ್ದರು. ನಡೆದದ್ದೆಲ್ಲ ಹೇಳಿ, ಅಂದು ಎಲ್ಲರೆದುರು ನಿಮ್ಮನ್ನು ನಗೆಪಾಟಲು ಮಾಡಿದ್ದಕ್ಕೆ ಕ್ಷಮಿಸಿ ಎಂದು ಕೇಳಿಕೊಂಡೆ. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ. ಕೈಯಲ್ಲಿದ್ದ ಬಾಳೆಕಾಯಿಯನ್ನು ಹೆಚ್ಚಿ ಮುಗಿಸಿ ಈಳಿಗೆಮಣೆಯಿಂದ ಕೈ ತೆಗೆದರು.

"ಇನ್‌ಸ್ಟಿಟ್ಯೂಟಲ್ಲಿ ನನ್ನ ಹತ್ರ ಕಣ್ಣು ಕಾಣ್ದಿರೋ ಮೂರು ಜನ ಟೈಪಿಂಗ್ ಕಲಿತಿದ್ರು. ಬೆರಳಿಗೆ ದಾರಿ ಗೊತ್ತಾದ್ರೆ ಅವ್ರಿಗೆ ಯಾರ ಹಂಗೂ ಬೇಕಿಲ್ಲ. ಅದಕ್ಕೇ ಕೇಳಿದ್ದು ಅವತ್ತು. ನೀವು ನಕ್ಕಿದ್ದು ಹೋಗ್ಲಿ ಮೇಡಂ. ನಾನು ಇನ್ನೊಂದ್ಸಲ ಹೇಳ್ದೆ ಸುಮ್ಮನಾದ್ನಲ್ಲ, ಅದು ನನ್ನನ್ನ ತಿನ್ನುತ್ತೆ ಇನ್ಮೇಲೆ."

ಅವರನ್ನು ಸುಮ್ಮನಾಗಿಸಿದ್ದು ನನ್ನ ನಗೆಯೇ ಎಂಬುದು ಇಬ್ಬರಿಗೂ ಗೊತ್ತಿತ್ತು. ನನ್ನ ತಪ್ಪಿನ ಅರ್ಧ ಭಾರವನ್ನು ಏನೂ ತಪ್ಪು ಮಾಡದವರು ಹೊತ್ತುಕೊಂಡಿದ್ದರು. ನಾನು ಕ್ಷಮೆ ಕೇಳಲು ಬಂದು ಆ ಭಾರವನ್ನು ಅವರ ಮನೆಗೆ ತಂದಿಟ್ಟಿದ್ದೆ. ಅವರೇ ಕೇಳಿದರು.

"ಚಂದ್ರಶೇಖರ್ ಬಂದ್ರು, ಗೊತ್ತಾಯ್ತು. ಬರದೇ ಇರೋರು?"

ಕಳಿಸಿದ ಕೋರಿಕೆಗೆ ಗುರುತು ಉಳಿಯುತ್ತದೆ. ಕಳಿಸಲಾಗದ ಕೋರಿಕೆಗೆ ಏನು ಗುರುತು? ಯಾರು ಬಂದರು, ಎಷ್ಟು ಸಲ ಎಂಟರ್ ಒತ್ತಿದರು, ಎಷ್ಟು ದಿನ ಫೋನಿಗೆ ಕಾದರು ಎಂಬುದನ್ನು ಯಾವ ಭಾಷೆಯಲ್ಲಿ ಕೋಡ್ ಬರೆದರೂ ಈಗ ಹಿಂದಕ್ಕೆ ಹೋಗಿ ತಿಳಿಯಲಾರೆ.

ಮರುದಿನದಿಂದ ನಾವಿಬ್ಬರೂ ಸರೋಜಮ್ಮನ ಮನೆಯಲ್ಲಿ ಕೂತು, ಹಿಂದಿನ ವರ್ಷಗಳಲ್ಲಿ ಕೋರಿಕೆ ಕಳಿಸಿದ್ದವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ಕೆಲವರ ನಂಬರ್ ಬದಲಾಗಿತ್ತು. ಕೆಲವರು ಓದು ಮುಗಿಸಿ ಕೆಲಸದಲ್ಲಿದ್ದರು. ಇನ್ನು ಕೆಲವರು, ಹೌದು, ಈ ವರ್ಷ ಪ್ರಯತ್ನಿಸಿದೆವು, ಆಗಲಿಲ್ಲ ಎಂದರು. ಒಬ್ಬರು ತಮ್ಮ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿ ಹೇಗೋ ಬರೆದಿದ್ದರು. ಇಬ್ಬರು ಬರೆದೇ ಇರಲಿಲ್ಲ. ಮುಂದಿನ ವರ್ಷ ಚಂದ್ರಶೇಖರ್ ಪಿಯುಸಿ ಓದುವ ಹುಡುಗಿಯೊಬ್ಬಳಿಂದ ಬರೆಸಿ ಪಾಸಾದರು, ಸಂತೋಷದಿಂದ ಫೋನ್ ಮಾಡಿದರು. ಅಷ್ಟರಲ್ಲಿ ಆ ಗುಮಾಸ್ತೆಯ ಹುದ್ದೆಗೆ ಬೇರೆಯವರು ಬಂದಾಗಿತ್ತು. ಅದನ್ನವರು ಹೇಳಲಿಲ್ಲ, ನಾನೇ ಕೇಳಿ ತಿಳಿದುಕೊಂಡೆ.

ಆದರೆ ಗೆಳೆಯರೇ, ನನ್ನ ಕಿವಿಯಲ್ಲಿ ಉಳಿದಿರುವುದು ಆ ಫೋನ್ ಕರೆಗಳಲ್ಲಿ ಒಂದು. ಸುದ್ದಗುಂಟೆಪಾಳ್ಯದ ಒಬ್ಬ ಹೆಂಗಸು. ಎರಡು ಮಕ್ಕಳಾದ ಮೇಲೆ ಓದು ಮತ್ತೆ ಶುರು ಮಾಡಿದ್ದವರು. ಪುಟದಲ್ಲಿ ದೋಷವಿತ್ತು, ಈಗ ಸರಿಯಾಗಿದೆ, ದಯವಿಟ್ಟು ಇನ್ನೊಮ್ಮೆ ಕೋರಿಕೆ ಕಳಿಸಿ ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿದೆ.

"ಅಯ್ಯೋ, ಹಂಗೇನಿಲ್ಲ ಮೇಡಂ" ಎಂದರು ಅವರು. "ಪೇಜು ಭಾಳ ಚೆನ್ನಾಗಿದೆ ಅಂತ ನಮ್ಮ ಮನೆಯೋರು ನೋಡಿ ಹೇಳಿದ್ರು. ನಾನೇ ಏನೋ ತಪ್ಪು ಒತ್ತಿರ್ಬೇಕು. ನಂಗಿನ್ನು ಇವೆಲ್ಲ ಆಗಲ್ಲ ಅಂತ ಓದೋದೇ ಬಿಟ್ಬಿಟ್ಟೆ."