ಅತ್ತೆಯ ಚಟ್ನಿಯ ಗುಟ್ಟು

ಗೆಳತಿಯರೇ, ಇಪ್ಪತ್ತು ವರ್ಷ ನನಗೆ ಸಿಗದಿದ್ದದ್ದು ಇವತ್ತು ಮಧ್ಯಾಹ್ನ ಕೊರಿಯಾದ ಹೆಂಗಸೊಬ್ಬಳಿಗೆ ಸಿಕ್ಕಿತು.

ಸೋಲಾಪುರದಲ್ಲಿ ಮಗಳ ಕಾಲೇಜಿನ ಎದುರು ಆ ಹೆಂಗಸು ಮತ್ತು ಆಕೆಯ ಗಂಡ ನಡೆಸುವ ಪುಟ್ಟ ಕೊರಿಯನ್ ಹೋಟೆಲಿದೆ. ಮಗಳು ನನ್ನನ್ನೂ ನಮ್ಮ ಹಳ್ಳಿ ಚಪಳಗಾಂವದಿಂದ ಬಂದ ಅತ್ತೆಯನ್ನೂ ಅಲ್ಲಿಗೆ ಊಟಕ್ಕೆ ಕರೆದೊಯ್ದಳು. ಅನ್ನದ ಬಟ್ಟಲು ಬಂದದ್ದೇ ತಡ, ಅತ್ತೆ ಚೀಲದಿಂದ ಡಬ್ಬಿ ತೆಗೆದು ಅದರ ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡರು. ನಾನು ನಾಚಿ ತಲೆ ತಗ್ಗಿಸಿದೆ. ಹೋಟೆಲಿನಾಕೆ ಮಾತ್ರ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿ, ಹೇಗೆ ಮಾಡಿದಿರೆಂದು ಮಗಳ ಮೂಲಕ ಕೇಳಿದಳು.

ಅತ್ತೆ ಅದನ್ನು ಯಾರಿಗೂ ಹೇಳುವವರಲ್ಲ. ಒರಳಲ್ಲಿ ಕುಟ್ಟುವವಳು ನಾನು. ಆದರೆ ಬೆಳ್ಳುಳ್ಳಿ, ಖಾರ ಹಾಕುವ ಹೊತ್ತಿಗೆ ಸರಿಯಾಗಿ ನನ್ನನ್ನು ನೀರು ತರಲು ಕಳಿಸುತ್ತಾರೆ.

ಇವತ್ತು ಹೋಟೆಲಿನಾಕೆಯ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು. "ಕುಂಡ್ರವ್ವಾ, ನಿನಗ ಹೇಳ್ತೀನಿ. ಮದಲ ಶೇಂಗಾ ಸಣ್ಣ ಉರಿ ಮ್ಯಾಲ ಹುರೀಬೇಕು."

ನನ್ನನ್ನು ಒಮ್ಮೆಯೂ 'ಅವ್ವಾ' ಎಂದವರಲ್ಲ! ಇರಲಿ ಎಂದು ಕಿವಿ ನಿಮಿರಿಸಿದೆ. ಅತ್ತೆ ಥಟ್ಟನೆ ತಿರುಗಿದರು. "ಏ ಸುನಂದಾ, ಹೋಗಿ ಒಂದ್ ತಂಬಿಗಿ ನೀರ ತಗೊಂಡ್ ಬಾ."

ನೀರು ತರುವಷ್ಟರಲ್ಲಿ ಪಾಠ ಮುಗಿದು ಇಬ್ಬರೂ ನಗುತ್ತಿದ್ದರು. ಮಗಳನ್ನು ಕೇಳಿದರೆ, "ಮಮ್ಮಿ, ಹೇಳಬ್ಯಾಡ ಅಂತ ಅಜ್ಜಿ ಆಣಿ ಮಾಡಿಸ್ಕೊಂಡಾಳ" ಅಂದಳು.

ನಮ್ಮ ಮನೆಯ ಚಟ್ನಿ ಕಲಿಯಲು ನಾಳೆ ಒಬ್ಬಳೇ ಆ ಹೋಟೆಲಿಗೆ ಹೋಗುತ್ತಿದ್ದೇನೆ; ಭಾಷೆ ಬರದಿದ್ದರೆ ಕೈಸನ್ನೆ ಇದೆಯಲ್ಲ. ನೀರಿನ ಬಾಟಲಿ ಮನೆಯಿಂದಲೇ ಒಯ್ಯುತ್ತೇನೆ.