ಒಡಪಿನಲ್ಲಿ ನಿಂತುಹೋದ ಹೆಸರು

ಗೌರಕ್ಕ ಹದಿನೇಳರ ಮಗ್ಗಿಯನ್ನು ನೂರ ಎಪ್ಪತ್ತರಿಂದ ಕೆಳಕ್ಕೆ ಹೇಳುತ್ತಾ ಹಿಂದು ಹಿಂದಕ್ಕೆ ನಡೆಯುತ್ತಿದ್ದರು. ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಬಿಳಿ ಬೂಟು. ಕರ್ನಿ ಮೆಸಾ ಬಡಾವಣೆಯ ಆಫೀಸುಗಳ ಪಾರ್ಕಿಂಗ್ ಜಾಗ ಭಾನುವಾರ ಖಾಲಿ ಇರುತ್ತದಲ್ಲ, ಅಲ್ಲಿ. ಮರೆವು ಹತ್ತಿರ ಸುಳಿಯದಿರಲೆಂದು ಅವರೇ ಕಂಡುಕೊಂಡ ಕಸರತ್ತು. ಮೊಮ್ಮಗಳನ್ನು ಸಾಕಲು ಅಮೆರಿಕಕ್ಕೆ ಬಂದು ಈ ಸ್ಯಾನ್ ಡಿಯಾಗೋದಲ್ಲೇ ನಿಂತುಬಿಟ್ಟವಳು ನಾನು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಏಳರ ಮಗ್ಗಿಯೇ ಬಾರದ ನನ್ನ ಕೆಲಸ, "ಕಂಬ ಬಂತು ಅಕ್ಕ, ಎಡಕ್ಕೆ" ಎನ್ನುವುದು.

ಗೌರಕ್ಕ ಧಾರವಾಡದ ಕಡೆಯವರು. ಅವರ ಮಗ ಒಂದು ಟ್ಯಾಬ್ ಕೊಡಿಸಿದ್ದ. ಅದರಲ್ಲಿ ಹಾರುವ ಹಕ್ಕಿಯನ್ನು ಬೆರಳಿನಿಂದ ಮುಟ್ಟಿದರೆ ಮಿದುಳಿಗೆ ತರಬೇತಿಯಂತೆ.

"ಹಕ್ಕಿ ಹೊಡದ್ರ ಬುದ್ಧಿ ಬೆಳೀತೈತಿ ಅಂದ್ರ, ಜ್ವಾಳದ ಹೊಲದಾಗ ಕವಣಿ ಬೀಸಿದಾಕಿ ನಾ ಇಷ್ಟೊತ್ತಿಗೆ ಮಂತ್ರಿ ಆಗಬೇಕಿತ್ತು!" ಎಂದು ಗೊಣಗುತ್ತಲೇ ದಿನವೂ ಆಡುತ್ತಿದ್ದರು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. "ಉಳದದ್ದೆಲ್ಲಾ ಮರೀಲಿ ತಂಗಿ, ಮನಿಯವರೊಬ್ಬರು ನೆನಪಿನ್ಯಾಗ ಉಳದ್ರ ಸಾಕು" ಎನ್ನುತ್ತಿದ್ದರು.

ಲಾಸ್ ಏಂಜಲೀಸಿನಲ್ಲಿ, ಮರೆವು ಶುರುವಾದ ವಯಸ್ಸಾದವರಿಗೆ ಅಣಬೆಯಿಂದ ತೆಗೆದ ಔಷಧಿ ಕೊಟ್ಟು ನೋಡುತ್ತಾರೆಂದು ೨೦೧೮ರಲ್ಲಿ, ಅಮ್ಮ ಆಗಾಗ ತಡವರಿಸುವುದನ್ನು ಕಂಡ ಮಗ ಪತ್ತೆ ಮಾಡಿದ. ಇಲ್ಲದ್ದನ್ನೆಲ್ಲ ಕಣ್ಣಿಗೆ ಕಾಣಿಸುವ ಅಣಬೆ. ಗುಣವಾಗುತ್ತದೋ ಇಲ್ಲವೋ ಕೊಡುವವರಿಗೂ ಗೊತ್ತಿಲ್ಲ, ಅದನ್ನು ತಿಳಿಯಲೆಂದೇ ಕೊಡುವುದು.

"ಹುಚ್ಚು ಹಿಡಿದ್ರೆ ಏನ್ ಮಾಡ್ತೀರಕ್ಕ?" ಎಂದೆ.

"ಮನಿಯವರು ಕಣ್ಣಿಗೆ ಕಂಡ್ರ, ಹುಚ್ಚು ಹಿಡದ್ರೂ ಹಿಡೀಲಿ ಬಿಡವಾ."

ಮೊದಲು ನೆನಪಿನ ಪರೀಕ್ಷೆ. ಅಲ್ಲಿಯವರ ಇಂಗ್ಲಿಷನ್ನು ಕನ್ನಡದಲ್ಲಿ ತಿಳಿಸಲು ನನ್ನ ಮೊಮ್ಮಗಳು ಅನನ್ಯ ಬಂದಿದ್ದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಂದು ಪಟಪಟ ಕನ್ನಡ! ನನ್ನ ಹಿಗ್ಗು ಹೇಳತೀರದು.

"ನಿಮ್ಮ ಹಸ್ಬೆಂಡ್ ಹೆಸರು ಕೇಳ್ತಿದ್ದಾರೆ ಅಜ್ಜಿ."

ಗೌರಕ್ಕ ತಲೆ ತಗ್ಗಿಸಿದರು. ಗಂಡನ ಹೆಸರನ್ನು ಹಾಗೇ ಹೇಳುವವರಲ್ಲ ಅವರು. ಹಾಡಿನಂಥ ಎರಡು ಸಾಲು ಕಟ್ಟಿ, ಕೊನೆಗೆ ಹೆಸರು ಸೇರಿಸಬೇಕು. ಅದಕ್ಕೆ ಅವರ ಕಡೆ ಒಡಪು ಎನ್ನುತ್ತಾರೆ.

"ಒಡಪು ಹಾಕಿ ಅಕ್ಕ," ಎಂದು ಹುರಿದುಂಬಿಸಿದೆ.

"ಬೆಳ್ಳಿ ಬಟ್ಟಲದಾಗ ಬಿಸಿ ಬಿಸಿ ಹಾಲ, ಬಾಗಿಲಿಗೆ ಬಂದಾರ ನೋಡ್ರಿ ನಮ್ಮ..." ಎಂದವರು ಅಲ್ಲಿಗೇ ನಿಲ್ಲಿಸಿ, ಸೆರಗು ಬಾಯಿಗಿಟ್ಟು ನಕ್ಕರು.

"ನಾಚಿಕೆ ಕಣೇ, ಮರೆವಲ್ಲ! ಹೇಳು ಅವರಿಗೆ," ಎಂದೆ. ಅನನ್ಯ ನಮ್ಮ ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದಳು. ಪರೀಕ್ಷೆ ಮಾಡುತ್ತಿದ್ದವರು ಖುಷಿಪಟ್ಟು ಆ ಪ್ರಶ್ನೆಗೆ ಪೂರ್ತಿ ಅಂಕ ಕೊಟ್ಟರು. ನಾನು ಮೊಮ್ಮಗಳ ಕೆನ್ನೆಗೆ ಅಲ್ಲೇ ಮುತ್ತಿಟ್ಟೆ.

ವಾರದೊಳಗೆ ಕಾಗದ ಬಂತು. ನೆನಪು ಚೆನ್ನಾಗಿದೆ, ಆದ್ದರಿಂದ ಇವರನ್ನು ಸೇರಿಸಿಕೊಳ್ಳುವುದಿಲ್ಲ. ಅವರ ಮಿತಿಗಿಂತ ಒಂದೇ ಒಂದು ಅಂಕ ಹೆಚ್ಚಾಗಿತ್ತಂತೆ. ಮಗ ಪೇಡೆ ಹಂಚಿದ. ಗೌರಕ್ಕ ನನ್ನ ಕೈ ಹಿಡಿದು ಹೊರಗೆ ಕರೆದೊಯ್ದರು.

"ಅವತ್ತು ನಾಚಿಕಿ ಅಲ್ಲ ತಂಗಿ. ಹೆಸರು ಬರಲಿಲ್ಲ. ಖರೇನ ಬರಲಿಲ್ಲ."

"ಅಯ್ಯೋ, ಅಲ್ಲೇ ಹೇಳೋದಲ್ವಾ ಅಕ್ಕ!"

"ಮನಿಯವರ ಹೆಸರ ಮರತೀನಿ ಅಂತ ಮಂದಿ ಮುಂದ ಹ್ಯಾಂಗ ಹೇಳ್ಲಿ? ಮಗಗೂ ಹೇಳಬ್ಯಾಡ."

ಹೇಳಲಿಲ್ಲ. ಆ ಔಷಧಿಯಿಂದ ಏನಾಗುತ್ತಿತ್ತೋ ದೇವರೇ ಬಲ್ಲ. ಆ ಬಾಗಿಲು ಮುಚ್ಚಿದ್ದು ಮಾತ್ರ, ಹಿಗ್ಗಿನಲ್ಲಿ ನಾನಾಡಿದ ಆ ನಾಚಿಕೆಯ ಮಾತು.

ಮರುವರ್ಷ ಅವರನ್ನು ಆರೈಕೆಯ ಮನೆಗೆ ಸೇರಿಸಬೇಕಾಯಿತು. ಕೊನೆಯ ಸಲ ನೋಡಲು ಹೋದಾಗ ಅವರ ಮಗನನ್ನು ಕೇಳಿ ಹೆಸರು ತಿಳಿದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ: "ಶಿವಬಸಪ್ಪ."

ನನ್ನನ್ನೇ ನೋಡಿದರು. ಮುಖ ಅರಳಿತು.

"ಚಲೋ ಹೆಸರೈತ್ರಿ. ನಿಮ್ಮ ಮನಿಯವರದೇನ್ರಿ?"

"ಹೌದಕ್ಕ," ಎಂದೆ.